ಮೇಲಂತಸ್ತಿನಿಂದ ಬಂದ ಚೀಟಿ

ಹೊಸ ಬಡಾವಣೆಗೆ ಬಂದ ವಾರದಲ್ಲೇ ಮೇಲಂತಸ್ತಿನ ಹಿರಿಯರು ತಮ್ಮ ವೈಫೈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು, ತಿಂಗಳ ಶುಲ್ಕದಲ್ಲಿ ಅರ್ಧ ಭರಿಸಿದರೆ ಸಾಕೆಂದರು. ಔದಾರ್ಯದ ಮಾತೇ ಸರಿ. ಆದರೆ ಒಂದು ಮನೆಯ ಬಳಕೆಗೆಂದು ಕರಾರಾದ ಸಂಪರ್ಕವನ್ನು ಇನ್ನೊಂದು ಮನೆಗೆ ಹಂಚುವ ಹಕ್ಕು ಅವರಿಗುಂಟೆ? ಕದ್ದು ತಂದುದನ್ನು ಸ್ವೀಕರಿಸುವುದನ್ನೂ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಇದನ್ನು ಕಳವೆಂದರೆ ಕಠೋರವಾದೀತು. ಆದರೂ ಕೊಡತಕ್ಕವರು ಕೊಟ್ಟುದಲ್ಲವೆಂಬುದು ನಿಜ.

ನಮ್ಮದೇ ಸಂಪರ್ಕ ಪಡೆದೆವು, ಅತಿವೇಗದ್ದನ್ನು ಬಿಟ್ಟು ಮಗಳ ಪಾಠಕ್ಕೆ ಸಾಲುವಷ್ಟು. ಕೇಬಲ್‌ನಲ್ಲಿಯೂ 2019ರಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಬಹುದಾದ್ದರಿಂದ ಭೋಗೋಪಭೋಗಪರಿಮಾಣಕ್ಕೆ ಅವಕಾಶವುಂಟು. ಹಣ ತೆತ್ತು ನೋಡುವವನ್ನು 6ಕ್ಕೆ ನಿಲ್ಲಿಸಿದೆವು.

ಚೀಟಿಯನ್ನು ಹಿಂದಿರುಗಿಸಿದಾಗ ಹಿರಿಯರ ಮುಖ ಬಾಡಿತು. ಕಾರಣ ಹೇಳಿದರೆ ಅವರನ್ನೇ ತಪ್ಪಿತಸ್ಥರೆಂದಂತಾಗುವುದೆಂದು ಸುಮ್ಮನಾದೆ. ಆ ಮೌನ ಸರಿಯಾಗಿತ್ತೆ ಎಂಬುದು ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.