ಮೂರು ಅಡ್ಡ, ಮೇಲೆ ಒಂದೂವರೆ ಗೇಣು

ಸಾಣಾಪುರದ ಕೆರೆಯನ್ನು ನೋಡಿದವರಿಗೆ ಅಲ್ಲಿನ ಹರಿಗೋಲುಗಳು ನೆನಪಿರುತ್ತವೆ. ಸುತ್ತ ಗುಂಡುಬಂಡೆಗಳ ಗುಡ್ಡ, ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ನೀರಿನ ಮೇಲೆ ಬಿದಿರಿನ ದುಂಡನೆಯ ಬುಟ್ಟಿಗಳು. ಹಂಪಿ, ಆನೆಗೊಂದಿ, ಅಂಜನಾದ್ರಿ ಮುಗಿಸಿಕೊಂಡು ಬಂದವರು ಅದರಲ್ಲಿ ಕೂತು, ಕೆರೆಯ ನಡುವೆ ಗಿರಗಿರ ತಿರುಗಿಸಿಕೊಂಡು, ವಿಡಿಯೊ ಮಾಡಿಕೊಂಡು ಹೋಗುತ್ತಾರೆ. ಆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಪಿಎಚ್.ಡಿ.ಯ ಕ್ಷೇತ್ರಕಾರ್ಯಕ್ಕೆಂದು, ನಾನು ಕೆಲವು ತಿಂಗಳು ಏಳನೇ ತರಗತಿಗೆ ಗಣಿತ ಕಲಿಸಿದೆ. ಕಲಿಸಿದೆ ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ. ಒಬ್ಬ ಹುಡುಗನಿಗೆ ನಾನು ಗಣಿತ ಕಲಿಸಿರಲಿಲ್ಲ. ಕಲಿಸದೆಯೇ ಶಹಬ್ಬಾಸ್ ಅಂದಿದ್ದೆ.

ಆಗ ನನ್ನ ಚೀಲದಲ್ಲಿ ಹೊವರ್ಡ್ ಗಾರ್ಡ್ನರ್ ಇದ್ದರು. ಹಾರ್ವರ್ಡ್‌ನ ಈ ಮನಶ್ಶಾಸ್ತ್ರಜ್ಞರು 1983ರಲ್ಲಿ ‘ಫ್ರೇಮ್ಸ್ ಆಫ್ ಮೈಂಡ್’ ಎಂಬ ಪುಸ್ತಕ ಬರೆದು, ಬುದ್ಧಿ ಅನ್ನುವುದು ಒಂದೇ ಅಲ್ಲ, ಏಳು ಬಗೆಯದು ಎಂದರು: ಭಾಷೆಯದು, ತರ್ಕ ಮತ್ತು ಗಣಿತದ್ದು, ಸಂಗೀತದ್ದು, ಮೈಕೈ ಚಲನೆಯದು, ಆಕಾರ ಮತ್ತು ಸ್ಥಳವನ್ನು ಗ್ರಹಿಸುವುದು, ಇನ್ನೊಬ್ಬರನ್ನು ಅರಿಯುವುದು, ತನ್ನನ್ನು ಅರಿಯುವುದು. ಆಮೇಲೆ ನಿಸರ್ಗವನ್ನು ಗುರುತಿಸುವ ಬುದ್ಧಿಯನ್ನೂ ಸೇರಿಸಿದರು. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡ ಯಾರಿಗೇ ಆಗಲಿ, ಈ ಮಾತು ಕೇಳಿದಾಗ ಎದೆ ಹಗುರಾಗುತ್ತದೆ. ನನಗೂ ಆಗಿತ್ತು. ನಮ್ಮ ಬಿ.ಎಡ್. ಕಾಲೇಜುಗಳಲ್ಲಿ, ಶಿಕ್ಷಕರ ತರಬೇತಿಗಳಲ್ಲಿ ಗಾರ್ಡ್ನರ್ ಇಷ್ಟು ಜನಪ್ರಿಯರಾಗಿರುವುದಕ್ಕೆ ಈ ಸಮಾಧಾನವೇ ದೊಡ್ಡ ಕಾರಣ ಎಂದು ನನ್ನ ಅನುಮಾನ.

ಹಾಗಾಗಿ ತರಗತಿಯನ್ನು ನಾಲ್ಕು ಗುಂಪು ಮಾಡಿದೆ. ಮಾತಿನವರು, ಚಿತ್ರದವರು, ಲೆಕ್ಕದವರು, ಕೈಕೆಲಸದವರು. ಪಾಠ ವೃತ್ತದ ಪರಿಧಿ. ಮಾತಿನವರು ಪಾಠದ ಮೇಲೆ ನಾಟಕ ಬರೆಯಬೇಕು, ಚಿತ್ರದವರು ಚಾರ್ಟ್ ಮಾಡಬೇಕು, ಲೆಕ್ಕದವರು ಅಭ್ಯಾಸದ ಲೆಕ್ಕ ಬಿಡಿಸಬೇಕು. ಕೈಕೆಲಸದ ಗುಂಪಿಗೆ ನಾನು ಮೊದಲು ಹಾಕಿದ್ದೇ ಆ ಹುಡುಗನನ್ನು. ರಜೆಯ ದಿನ ಸೋದರಮಾವನ ಜತೆ ಕೆರೆಗೆ ಹೋಗುತ್ತಿದ್ದ. ಹುಟ್ಟು ಹಿಡಿದರೆ ಹರಿಗೋಲು ಅವನ ಮಾತು ಕೇಳುತ್ತಿತ್ತು. ಕನ್ನಡವಲ್ಲದೆ, ಗಂಗಾವತಿ ಸುತ್ತಲ ಕ್ಯಾಂಪುಗಳ ತೆಲುಗು, ಪ್ರವಾಸಿಗರ ಹಿಂದಿ, ಅಷ್ಟಿಷ್ಟು ಇಂಗ್ಲಿಷು ಅವನಿಗೆ ಬರುತ್ತಿದ್ದವು. ಮಾತಿನ ಗುಂಪಿಗೆ ಅವನನ್ನು ಸೇರಿಸಬಹುದೆಂದು ನನಗೇಕೆ ಹೊಳೆಯಲಿಲ್ಲವೋ!

ಅವನು ಬಿದಿರಿನ ಸೀಳುಗಳಿಂದ ಒಂದು ಮೊಳದ ಹರಿಗೋಲು ಹೆಣೆದು ತಂದ. ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಕಪಾಟಿನ ಮೇಲೆ ಇಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಫೋಟೊ ತೆಗೆದು ನನ್ನ ಟಿಪ್ಪಣಿಯಲ್ಲಿ, ‘ಪಾಠದಲ್ಲಿ ಸಂಪೂರ್ಣ ತೊಡಗಿಸಿಕೊಂಡಿದ್ದಾನೆ’ ಎಂದು ಬರೆದುಕೊಂಡೆ. ಮುಂದಿನ ವಾರ ಅವನು ಕೇಳಿದ:

“ಸರ್, ನಮ್ಮ ಗುಂಪಿಗೆ ಲೆಕ್ಕ ಯಾವಾಗ ಹೇಳಿಕೊಡ್ತೀರಿ?”

ನಾನು ತರಬೇತಿಯಲ್ಲಿ ಕಲಿತ ಮಾತನ್ನೇ ಅಂದೆ. “ಒಬ್ಬೊಬ್ಬರ ಬುದ್ಧಿ ಒಂದೊಂದು ಥರ ಇರತೈತಪ್ಪ. ನಿನ್ನ ಬುದ್ಧಿ ಕೈಯಾಗ ಐತಿ.”

“ಹಂಗಂದ್ರ ತಲಿಯಾಗ ಇಲ್ಲೇನ್ರಿ?”

ಅವನು ಸಿಟ್ಟಿನಿಂದ ಕೇಳಲಿಲ್ಲ. ವೈದ್ಯರ ಹತ್ತಿರ ರಕ್ತ ಪರೀಕ್ಷೆಯ ಫಲಿತಾಂಶ ಕೇಳುವ ಹಾಗೆ ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ.

ಇವನ ಬುದ್ಧಿ ಕೈಯಲ್ಲಿ, ಅವಳದು ಮಾತಿನಲ್ಲಿ ಎಂದು ಹಂಚುವ ಮಾತು ಬಾಸ್ಟನ್ನಿನಲ್ಲಿ ಒಂದು ಅರ್ಥ ಕೊಟ್ಟರೆ, ನಮ್ಮಲ್ಲಿ ಇನ್ನೊಂದು ಅರ್ಥ ಕೊಡುತ್ತದೆ. ಕಿನ್ನಾಳದ ಚಿತ್ರಗಾರರ ಮಕ್ಕಳಿಗೆ ಬಣ್ಣ, ಅಂಬಿಗರ ಮಕ್ಕಳಿಗೆ ನೀರು, ಇನ್ನೊಬ್ಬರ ಮಕ್ಕಳಿಗೆ ಪುಸ್ತಕ ಎಂದು ಹಂಚಿಟ್ಟ ಸಮಾಜ ನಮ್ಮದು. ಅದೇ ಹಂಚಿಕೆಗೆ ನಾನು ಮನಶ್ಶಾಸ್ತ್ರದ ಸುಣ್ಣ ಬಳಿದಿದ್ದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದಿತು: ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮಗು ತಂದೆತಾಯಿಯ ಕಸುಬನ್ನು ಕಲಿಯಬೇಕು. ದಕ್ಷಿಣ ಕನ್ನಡ ಆಗ ಅದೇ ರಾಜ್ಯದಲ್ಲಿತ್ತು. ಕಸುಬಿನಲ್ಲೂ ಜ್ಞಾನವಿದೆ ಅನ್ನುವುದು ಅದರ ಸಮರ್ಥನೆಯ ಒಂದು ಎಳೆ, ಅದು ಸುಳ್ಳೂ ಅಲ್ಲ. ಆದರೆ ಪೆರಿಯಾರ್ ಮತ್ತು ಇತರರು ಅದನ್ನು ‘ಕುಲಕಲ್ವಿ’, ಅಂದರೆ ಕುಲದ ವಿದ್ಯೆ, ಎಂದು ಕರೆದು ಬೀದಿಗಿಳಿದರು. ಮರುವರ್ಷ ಕಾಮರಾಜರ ಸರ್ಕಾರ ಅದನ್ನು ಕೈಬಿಟ್ಟಿತು. ಕಸುಬಿನ ಬುದ್ಧಿಯನ್ನು ಹೊಗಳುವವನು ಆ ಮಗುವಿಗೆ ಬೇರೆ ಏನನ್ನು ಕೊಡದೆ ಉಳಿಸಿಕೊಳ್ಳುತ್ತಿದ್ದಾನೆ ಎಂದು ಅವರು ಕೇಳಿದ್ದರು. ಎಪ್ಪತ್ತು ವರ್ಷದ ಮೇಲೆ ಏಳನೇ ತರಗತಿಯ ಹುಡುಗ ನನ್ನನ್ನು ಕೇಳಿದ್ದೂ ಅದನ್ನೇ.

ಒಳ್ಳೆಯ ಉದ್ದೇಶದ ಸಲಕರಣೆ ಹಣೆಪಟ್ಟಿಯಾಗುವುದು ಹೊಸದೇನಲ್ಲ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಬುದ್ಧಿಪರೀಕ್ಷೆಯನ್ನು ರೂಪಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ. ಅಮೆರಿಕಕ್ಕೆ ಹೋದ ಅದೇ ಪರೀಕ್ಷೆ ಹುಟ್ಟಿನಿಂದ ಬಂದ, ಬದಲಾಗದ ಬುದ್ಧಿಯ ಅಳತೆಗೋಲಾಯಿತು. ಗಾರ್ಡ್ನರ್ ಅವರಿಗೂ ಹೆಚ್ಚುಕಡಿಮೆ ಅದೇ ಗತಿ ಬಂತು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅವರವರ ‘ಶೈಲಿ’ಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಸಾಕಷ್ಟು ಪುರಾವೆಯಿಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿದರು. 2013ರಲ್ಲಿ ಗಾರ್ಡ್ನರ್ ಅವರೇ, ತಮ್ಮ ಸಿದ್ಧಾಂತ ಈ ಶೈಲಿಗಳ ಮಾತಲ್ಲ ಎಂದು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು. ಮುಖ್ಯವಾದ ವಿಷಯವನ್ನು ಹಲವು ದಾರಿಗಳಿಂದ ಕಲಿಸಿ ಅನ್ನುವುದು ಅವರ ಸಲಹೆ. ದಾರಿಗಳು ಹಲವು, ಮಕ್ಕಳು ಎಲ್ಲರೂ. ನಾನು ಮಾಡಿದ್ದು ಉಲ್ಟಾ. ದಾರಿಗೊಂದು ಗುಂಪು ಮಾಡಿ, ಗುಂಪಿಗೊಂದು ಬೇಲಿ ಹಾಕಿದ್ದೆ. ಆ ಲೇಖನವನ್ನು ನಾನು ಸಾಣಾಪುರಕ್ಕೆ ಹೋಗುವ ಮೊದಲೇ ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ.

ಆ ಭಾನುವಾರ ಕೆರೆಯ ಹತ್ತಿರ ಹೋದೆ. ಹುಡುಗನ ಮಾವ ಹೊಸ ಹರಿಗೋಲು ಕಟ್ಟುತ್ತಿದ್ದರು. ಬಿದಿರನ್ನು ಸೀಳಿ ನೆಲದ ಮೇಲೆ ಜಾಲರಿಯ ಹಾಗೆ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ, ಬಾಯಿಗೆ ಬಿದಿರಿನ ಬಳೆ ಕಟ್ಟುವುದು. ಬಳೆಯ ಉದ್ದ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

“ಅಡ್ಡ ಎಷ್ಟೈತಿ ಅದರ ಮೂರು ಪಟ್ಟು, ಮ್ಯಾಲೊಂದೂವರಿ ಗೇಣು. ಕೂಡಿಸಿ ಕಟ್ಟಾಕ ಬ್ಯಾರೆ ಬಿಡಬೇಕು.”

ಆ ಹರಿಗೋಲಿನ ಬಾಯಿ ಎಂಟಡಿ ಅಗಲ. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಎಂಟಡಿ ವ್ಯಾಸಕ್ಕೆ ಪರಿಧಿ 25.13 ಅಡಿ. ಅವರ ಸೂತ್ರದಲ್ಲಿ ಮೂರು ಅಡ್ಡ ಅಂದರೆ 24 ಅಡಿ; ಗೇಣಿಗೆ ಒಂಬತ್ತು ಅಂಗುಲ ಹಿಡಿದರೆ ಒಂದೂವರೆ ಗೇಣು ಅಂದರೆ ಹದಿಮೂರೂವರೆ ಅಂಗುಲ; ಒಟ್ಟು 25 ಅಡಿಯ ಮೇಲೆ ಒಂದೂವರೆ ಅಂಗುಲ. ವ್ಯತ್ಯಾಸ ನೂಲಿನಷ್ಟು! ಪಠ್ಯಪುಸ್ತಕದ 22/7 ಅಲ್ಲೇ ನೆಲದ ಮೇಲೆ ಬಿದ್ದಿತ್ತು. ನಾನು ಅದನ್ನು ಎರಡು ವಾರದಿಂದ ಕಪಾಟಿನ ಮೇಲೆ ಇಟ್ಟು ಚಪ್ಪಾಳೆ ತಟ್ಟುತ್ತಿದ್ದೆ.

ಇಲ್ಲಿಗೇ ನಿಲ್ಲಿಸಿದರೆ ಇದು ಕೇಳಲು ಇಂಪಾದ ಕತೆ: ಹಳ್ಳಿಯವರಿಗೆ ಎಲ್ಲ ಮೊದಲೇ ಗೊತ್ತು, ಶಾಲೆ ಯಾಕೆ ಬೇಕು? ನನಗೆ ಆ ಕತೆಯ ಮೇಲೆ ನಂಬಿಕೆಯಿಲ್ಲ. ಐದಡಿಯ ಸಣ್ಣ ಹರಿಗೋಲಿಗೆ ಎಷ್ಟು ಗೇಣು ಎಂದು ಕೇಳಿದಾಗ ಮಾವ, “ಅದನ್ನ ನೋಡಿ ಕಟ್ಟಬೇಕ್ರಿ” ಅಂದರು. ಅವರ ಸೂತ್ರ ಎಂಟಡಿಗೆ ಹುಟ್ಟಿದ್ದು, ಎಂಟಡಿಯಲ್ಲೇ ಬದುಕುತ್ತದೆ. ಅದನ್ನು ಐದಡಿಗೆ, ಬಾವಿಗೆ, ಚಕ್ರಕ್ಕೆ, ಭೂಮಿಯ ಸುತ್ತಳತೆಗೆ ಒಯ್ಯುವ ಒಂದು ಸಲಕರಣೆ ಇದೆ. ಅದು ಶಾಲೆಯ ಹತ್ತಿರ ಇದೆ, ಅದನ್ನು ಕೊಡಲೆಂದೇ ನನ್ನನ್ನು ಆ ತರಗತಿಯಲ್ಲಿ ನಿಲ್ಲಿಸಿದ್ದರು.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳನ್ನು ಮೂವರು ಸಂಶೋಧಕರು ಮಾತಾಡಿಸಿ 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆ ಎಷ್ಟು? ಹನ್ನೆರಡು ವರ್ಷದ ಹುಡುಗ ಮೂರಕ್ಕೆ 105 ಎಂದು ಹಿಡಿದು, ಅದನ್ನೇ ಕೂಡಿಸುತ್ತಾ ಕೂಡಿಸುತ್ತಾ 350ಕ್ಕೆ ಬಂದ. ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಸೇರಿಸಬೇಕೆಂಬುದನ್ನು ಅವನು ಬಳಸಲೇ ಇಲ್ಲ. ವ್ಯಾಪಾರದ ಲೆಕ್ಕಗಳಲ್ಲಿ ಆ ಮಕ್ಕಳ ಉತ್ತರ ನೂರಕ್ಕೆ 98 ಸರಿ. ಅದೇ ಬಗೆಯ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದುಕೊಟ್ಟಾಗ ಸುಮಾರು 37. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಸಂತೆಯ ಮಕ್ಕಳ ಬಗ್ಗೆ ಬರೆದದ್ದೂ ಇಂಥದ್ದೇ. ಜತೆಗೆ ಇನ್ನೊಂದು ವಿಷಯ ಅವರಿಗೆ ಕಂಡಿತು: ಶಾಲೆಯ ಲೆಕ್ಕ ಚೆನ್ನಾಗಿ ಮಾಡುವ, ವ್ಯಾಪಾರ ಗೊತ್ತಿಲ್ಲದ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋಲುತ್ತಿದ್ದರು. ಇದನ್ನು ಓದಿದಾಗ ನನಗೆ ನನ್ನ ಲೆಕ್ಕದ ಗುಂಪು ನೆನಪಾಯಿತು. ಆ ಗುಂಪಿನ ಹುಡುಗಿಯೊಬ್ಬಳು ಎಲ್ಲ ಲೆಕ್ಕಗಳನ್ನೂ ತಪ್ಪಿಲ್ಲದೆ ಬಿಡಿಸಿದ್ದಳು; ಕಪಾಟಿನ ಮೇಲಿನ ಹರಿಗೋಲಿನ ಸುತ್ತಳತೆ ಅಂದಾಜು ಎಷ್ಟಿರಬಹುದು ಎಂದಾಗ “ಹತ್ತಡಿ” ಅಂದಿದ್ದಳು. ಬೇಲಿ ಅವಳನ್ನೂ ಕಾಡಿತ್ತು.

ವಿಚಿತ್ರವೆಂದರೆ, ನಾನು ಹುಡುಕುತ್ತಿದ್ದುದು ಪಕ್ಕದ ಕೋಣೆಯಲ್ಲೇ ಇತ್ತು. ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಮಾದರಿಯನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕಟ್ಟಿದ ಪದ್ಧತಿ. 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುತ್ತದೆ. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಆದರೆ ಗುಂಪು ಮಾಡುವುದು ಈ ಮೆಟ್ಟಿಲಿಗೆ ಎಷ್ಟು ನೆರವು ಬೇಕು ಎಂಬುದರ ಮೇಲೆ: ಶಿಕ್ಷಕರ ಪೂರ್ತಿ ನೆರವು ಬೇಕಾದವರು, ಸ್ವಲ್ಪ ಬೇಕಾದವರು, ಗೆಳೆಯರ ನೆರವು ಸಾಕಾದವರು, ತಾವೇ ಮಾಡಿಕೊಳ್ಳುವವರು. ಹಾಡು, ಕಾರ್ಡು, ಕಡ್ಡಿ, ಕತೆ ಎಲ್ಲವೂ ಇವೆ, ಎಲ್ಲರಿಗೂ ಇವೆ. ಇವತ್ತು ಶಿಕ್ಷಕರ ಪಕ್ಕ ಕೂತ ಮಗು ಮುಂದಿನ ವಾರ ಇನ್ನೊಂದು ಗುಂಪಿನಲ್ಲಿರುತ್ತದೆ. ಏಣಿ ಮಾತ್ರ ಎಲ್ಲರಿಗೂ ಒಂದೇ. ನಲಿಕಲಿಗೆ ಅದರದೇ ತೊಂದರೆಗಳಿವೆ. ಒಬ್ಬರೇ ಶಿಕ್ಷಕರು ಮೂರು ತರಗತಿ ಹಿಡಿದು ಕಾರ್ಡು ಹುಡುಕುತ್ತಾ ಬೆವರುವುದನ್ನು ನಾನೂ ನೋಡಿದ್ದೇನೆ. ಮೂರನೇ ತರಗತಿ ದಾಟಿದ ಮೇಲೆ ಏಣಿಯೂ ಇಲ್ಲ. ಆದರೂ ಅಲ್ಲಿ ಯಾವ ಮಗುವಿಗೂ ‘ನಿನ್ನ ಬುದ್ಧಿ ಇಂಥದ್ದು’ ಎಂದು ಯಾರೂ ಹೇಳುವುದಿಲ್ಲ.

ಇದನ್ನೆಲ್ಲ ನನ್ನ ಹಾಸ್ಟೆಲಿನ ಗೆಳೆಯನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. “ಎಲ್ಲರನ್ನೂ ಒಂದೇ ಎಸ್ಸೆಸ್ಸೆಲ್ಸಿ ಗಣಿತದ ಬಾಗಿಲಲ್ಲಿ ನಿಲ್ಲಿಸಿ ಅರ್ಧ ಜನರನ್ನು ಹೊರಗೆ ದೂಡುವುದು ನ್ಯಾಯವಾ? ಹರಿಗೋಲು ಕಟ್ಟುವುದಕ್ಕೂ ಅಂಕ ಕೊಡಲಿ” ಅಂದ. ಕೊಡಲಿ, ನನ್ನ ತಕರಾರಿಲ್ಲ. ಪರೀಕ್ಷೆ ಕ್ರೂರವಾಗಿದೆ ಅನ್ನುವುದೂ ನಿಜ. ಆದರೆ ಹರಿಗೋಲಿನ ಅಂಕ ಗಣಿತದ ಬದಲಿಗೆ ಬಂದರೆ, ಆ ಬದಲಿ ಯಾರ ಪಾಲಿಗೆ ಬೀಳುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತು. ಬೆಂಗಳೂರಿನ ಇಂಜಿನಿಯರನ ಮಗನಿಗೆ ಕುಂಬಾರಿಕೆ ಇಷ್ಟವಾದರೆ ಅವನಿಗೆ ಕುಂಬಾರಿಕೆಯ ಜತೆಗೆ ಗಣಿತದ ಟ್ಯೂಷನ್ನೂ ಸಿಗುತ್ತದೆ.

ಮುಂದಿನ ಸೋಮವಾರ ಗುಂಪುಗಳನ್ನು ಒಡೆದೆ. ಕಪಾಟಿನ ಹರಿಗೋಲು ಕೆಳಗಿಳಿಯಿತು. ಬಳೆ, ಬಟ್ಟಲು, ಸೈಕಲ್ ಚಕ್ರ ಬಂದವು. ಎಲ್ಲರೂ ದಾರ ಸುತ್ತಿ ಅಳೆದು, ಅಡ್ಡದಿಂದ ಭಾಗಿಸಿ, ಪ್ರತಿ ಸಲವೂ ಮೂರರ ಮೇಲೆ ಚೂರು ಬರುವುದನ್ನು ನೋಡಿದರು. ನನ್ನ ಹುಡುಗನಿಗೆ ಭಾಗಾಕಾರ ಬರುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲೇ ಅದು ಕೈತಪ್ಪಿತ್ತು, ಅಲ್ಲಿಂದ ಇಲ್ಲಿಯವರೆಗೆ ಯಾರೋ ಒಬ್ಬರು ಅವನಿಂದ ಚಿತ್ರ ಬರೆಸಿ, ಗಿಡಕ್ಕೆ ನೀರು ಹಾಕಿಸಿ, ಜಾಣ ಎಂದು ಮುಂದೆ ಕಳಿಸಿದ್ದರು. ಮಧ್ಯಾಹ್ನದ ಊಟ ಆದಮೇಲೆ ಅವನೂ ನಾನೂ ಭಾಗಾಕಾರಕ್ಕೆ ಕೂತೆವು. ಬೇಜಾರಿನ ಕೆಲಸ. ಅದಕ್ಕೆ ಯಾವ ಫೋಟೊವೂ ಬರುವುದಿಲ್ಲ. ಆ ತಿಂಗಳ ಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ತಕ್ಕೆ ಏಳು ಬಂತು.

ನಾನು ಹೊರಡುವ ವಾರ ಐದಡಿಯ ಹರಿಗೋಲಿನ ಲೆಕ್ಕ ಕೊಟ್ಟೆ. ಅರ್ಧ ಗಂಟೆ ತೆಗೆದುಕೊಂಡ, ಎರಡು ಸಲ ಗುಣಾಕಾರ ತಪ್ಪಿದ. ಕೊನೆಗೆ ಮೂರು ಅಡ್ಡಕ್ಕೆ ಹದಿನೈದಡಿ, ಮೇಲೆ ಎಂಟೂವರೆ ಅಂಗುಲ ಎಂದು ಬರೆದ. ಆಮೇಲೆ ತನ್ನ ಗೇಣನ್ನು ಸ್ಕೇಲಿನ ಮೇಲೆ ಇಟ್ಟು ನೋಡಿಕೊಂಡ, ಏಳಂಗುಲ ಇತ್ತು.

“ಮಾವನ ಗೇಣಾದ್ರ ಒಂದಕ್ಕ ಚೂರು ಕಡಿಮಿ. ನನ್ನ ಗೇಣಾದ್ರ ಒಂದು ಗೇಣು, ಮ್ಯಾಲೆ ಚೂರು. ಯಾರ ಗೇಣು ಅಂತ ಬರೀಲ್ರಿ?”

ಅಂಗುಲದಲ್ಲೇ ಬರೆ ಅಂದೆ. ಬರೆದು, ಪುಟ ಹರಿದು ಜೇಬಿಗಿಟ್ಟುಕೊಂಡ. ಮರುದಿನ ಮಾವನಿಗೆ ತೋರಿಸಿದೆಯಾ ಎಂದು ಕೇಳಿದೆ.

“ತೋರಿಸಿದ್ನಿರಿ. ಕಟ್ಟಿದ ಮ್ಯಾಲೆ ನೋಡೂಣು ಅಂದ.”