ಬಳ್ಳಿಗೆ ಕಣ್ಣಿದೆಯೇ?

ಚೆನ್ನೈನ ಅಂಬತ್ತೂರಿನ ಮಗ್ಗುಲಲ್ಲೇ ತಿರುಮುಲ್ಲೈವಾಯಲ್ ಇದೆ. ಅಲ್ಲಿನ ಮಾಸಿಲಾಮಣೀಶ್ವರ ಲಿಂಗಕ್ಕೆ ಸದಾ ಗಂಧದ ಲೇಪ. ಸ್ಥಳಪುರಾಣ ಹೇಳುವುದು ಹೀಗೆ: ಯುದ್ಧಕ್ಕೆ ಹೊರಟ ತೊಂಡೈಮಾನ್ ದೊರೆಯ ಆನೆಯ ಕಾಲು ಮೊಲ್ಲೆ ಬಳ್ಳಿಗಳಲ್ಲಿ ತೊಡರಿಕೊಂಡಿತು. ದೊರೆ ಕತ್ತಿ ಬೀಸಿ ಬಳ್ಳಿ ಸವರಿದ. ನೆತ್ತರು ಚಿಮ್ಮಿತು. ಏಟು ಬಿದ್ದದ್ದು ಬಳ್ಳಿಯ ನಡುವೆ ಅಡಗಿದ್ದ ಲಿಂಗಕ್ಕೆ. ಗಂಧ ಆ ಗಾಯಕ್ಕೆ.

ಮನೆಯ ತೋಟದಲ್ಲಿ ಹಾಪ್ಸ್ ಬೆಳೆಸುವವರು ಈ ಕಥೆಯನ್ನು ಹಗುರವಾಗಿ ದಾಟುವಂತಿಲ್ಲ. ಬಿಯರಿಗೆ ಕಹಿ, ಘಮ ಕೊಡುವ ಈ ಬಳ್ಳಿಯ ಬುಡದಲ್ಲಿ ವಸಂತಕಾಲಕ್ಕೆ ಹತ್ತಾರು ಕುಡಿಗಳು ಏಳುತ್ತವೆ. ಗಟ್ಟಿಯಾದ ಎರಡು-ಮೂರನ್ನು ಹಗ್ಗಕ್ಕೆ ಹಬ್ಬಿಸಿ ಉಳಿದವನ್ನು ಚಿವುಟುತ್ತಾರೆ. ಕೊಯ್ಲಿನ ಹೊತ್ತಿಗೆ ಇಡೀ ಬಳ್ಳಿಯನ್ನೇ ಕತ್ತರಿಸಿ ಕೆಳಗಿಳಿಸುತ್ತಾರೆ. ಆ ಕತ್ತರಿಗೆ ಸಿಕ್ಕುವುದು ಬರೀ ನಾರೋ, ಜೀವವೋ?

ಮಹಾಭಾರತದ ಶಾಂತಿಪರ್ವದಲ್ಲಿ ಭರದ್ವಾಜ ಇದೇ ಸಂದೇಹ ಎತ್ತುತ್ತಾನೆ. ಭೃಗು ಕೊಡುವ ಕಾರಣಗಳಲ್ಲೊಂದು ಬಳ್ಳಿಯದೇ: ಅದು ಮರವನ್ನು ಸುತ್ತಿಕೊಂಡು ಎಲ್ಲ ಕಡೆಗೂ ಹಬ್ಬುತ್ತದೆ, ಕಾಣದವರಿಗೆ ದಾರಿ ಸಿಗದು, ಆದ್ದರಿಂದ ಗಿಡಮರಗಳಿಗೆ ನೋಟವಿದೆ. ಜೈನರು ಇಷ್ಟು ದೂರ ಹೋಗುವುದಿಲ್ಲ. ಅವರ ಪ್ರಕಾರ ಸಸ್ಯ ಏಕೇಂದ್ರಿಯ ಜೀವಿ, ಅದಕ್ಕಿರುವುದು ಸ್ಪರ್ಶವೊಂದೇ. ಆದರೆ ಹಿಂಸೆಯ ಲೆಕ್ಕಕ್ಕೆ ಆ ಒಂದು ಇಂದ್ರಿಯವೇ ಸಾಕು. ಶ್ರವಣಬೆಳಗೊಳದ 58 ಅಡಿ ಎತ್ತರದ ಗೊಮ್ಮಟನ ಕಾಲು-ತೋಳುಗಳನ್ನು ಮಾಧವಿ ಬಳ್ಳಿ ಸುತ್ತಿಕೊಂಡಿದೆ. ಬಾಹುಬಲಿ ಅದನ್ನು ಕೊಡವಿಕೊಳ್ಳಲಿಲ್ಲ.

ಚಾರ್ಲ್ಸ್ ಡಾರ್ವಿನ್ ಕಾಯಿಲೆ ಬಿದ್ದು ಕೋಣೆಯಲ್ಲೇ ಇರಬೇಕಾಗಿ ಬಂದಾಗ ಕುಂಡದ ಹಾಪ್ಸ್ ಬಳ್ಳಿಯನ್ನು ಹಗಲೂ ರಾತ್ರಿ ಗಮನಿಸಿದ. ಆಸರೆ ಸಿಗದ ಕುಡಿ ಗಾಳಿಯಲ್ಲಿ ವೃತ್ತ ಬರೆಯುತ್ತ ತಡಕಾಡುತ್ತಿತ್ತು. ಬೆಚ್ಚನೆಯ ಹವೆಯಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ. 1865ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಈ ಲೆಕ್ಕವಿದೆ. ಭೃಗು ನೋಟ ಎಂದದ್ದನ್ನು ವಿಜ್ಞಾನ ಬೆಳವಣಿಗೆಯ ಚಲನೆ ಎನ್ನುತ್ತದೆ. ಆ ಚಲನೆಯ ಹಿಂದೆ ಅರಿವಿದೆಯೇ ಎಂಬುದು ಗಡಿಯಾರಕ್ಕೆ ಸಿಕ್ಕುವ ಸಂಗತಿಯಲ್ಲ.

ಹಾಗೆಂದು ತೋಟಗಾರ ಕೈಕಟ್ಟಿ ಕೂರಬೇಕಿಲ್ಲ. ಅವನು ಬಾಹುಬಲಿಯಂತೆ ನಿಶ್ಚಲನಾಗಲಾರ, ತೊಂಡೈಮಾನನಂತೆ ಕಣ್ಣುಮುಚ್ಚಿ ಕತ್ತಿ ಬೀಸಲೂ ಬಾರದು. ನೋವಿನ ಪ್ರಶ್ನೆ ಬಗೆಹರಿಯದಿದ್ದರೂ ಗಿಡದ ಸ್ವಭಾವ ಕಣ್ಣೆದುರಿಗೇ ಇದೆ. ಅದಕ್ಕೆ ಹೊಂದದ ಜಾಗದಲ್ಲಿ ಅದನ್ನು ತಂದು ನೆಡುವುದು ಕತ್ತರಿಗಿಂತ ದೊಡ್ಡ ಅನ್ಯಾಯ.

ಹಾಪ್ಸ್ ಎತ್ತರಕ್ಕೆ ಬೆಳೆಯಲು ಉದ್ದನೆಯ ಹಗಲು ಬೇಕು. ಭಾರತದಲ್ಲಿ ಅದು ಬೆಳೆಯಾಗಿ ನೆಲೆ ಕಂಡದ್ದು ಹಿಮಾಚಲದ ಲಾಹೌಲ್ ಕಣಿವೆಯ ತಂಪಿನಲ್ಲಿ. 13 ಡಿಗ್ರಿ ಅಕ್ಷಾಂಶದ ಚೆನ್ನೈನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ತುಂಬುವುದಿಲ್ಲ. ಇಷ್ಟು ಚಿಕ್ಕ ಹಗಲಿನಲ್ಲಿ ಬಳ್ಳಿ ಎತ್ತರಕ್ಕೇರುವ ಮೊದಲೇ ಹೂ ಬಿಟ್ಟು ಸೊರಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಸಂಜೆಯ ನಂತರವೂ ದೀಪ ಹಚ್ಚಿ ಹಗಲನ್ನು ಹಿಗ್ಗಿಸುತ್ತಾರೆ.

ಅಂಬತ್ತೂರಿನ ತಾರಸಿಯಲ್ಲಿ ಹಾಪ್ಸ್ ಬೇಕೇ ಬೇಕೆನ್ನುವವರು ಆ ದೀಪ, ಆಳವಾದ ಕುಂಡ, ಹದಿನೈದು-ಇಪ್ಪತ್ತು ಅಡಿ ಹಗ್ಗ, ಮೇ ತಿಂಗಳ ಬಿಸಿಲಿಗೆ ನೆರಳು ಇಷ್ಟನ್ನೂ ಹೊಂದಿಸಿಕೊಂಡೇ ಬೇರು ತರಿಸಬೇಕು. ಅದು ಆಗದಿದ್ದರೆ ವೀಳ್ಯದೆಲೆ ಇದೆ, ಮೊಲ್ಲೆ ಇದೆ. ಈ ಸೆಕೆ ಅವಕ್ಕೆ ಹೊಸದಲ್ಲ.