ಪುಟ್ಟಿಯ ಕೆಳಗೆ ಇದ್ದದ್ದು

ಪ್ರಿಯರೇ, ಒಳಗೆ ಬರುವಾಗ ಬೇವಿನ ಮರದ ಕೆಳಗೆ ನಿಂತಿರುವ ಆ ಕಡುನೀಲಿ ಗಾಡಿಯನ್ನು ನೀವೆಲ್ಲಾ ನೋಡಿದ್ದೀರಿ. ಮಕ್ಕಳಂತೂ ಆಗಲೇ ಅದರ ಡಿಕ್ಕಿ ಹತ್ತಿ ಇಳಿದಾಯ್ತು. ಮೂರು ವಾರದಿಂದ ಒಂದೇ ಪ್ರಶ್ನೆ ಕೇಳ್ತಿದ್ದೀರಿ: "ಬ್ರದರ್, ಇಷ್ಟು ದುಡ್ಡು ಸುರಿದು ಹಳೇ ಗಾಡಿ ಯಾಕೆ ಸರಿಮಾಡಿಸಿದ್ರಿ? ಅದೇ ದುಡ್ಡಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರ್ತಿತ್ತಲ್ಲ?" ಬರ್ತಿತ್ತು. ನಿಮ್ಮ ಲೆಕ್ಕ ಸರಿಯಾಗಿದೆ. ಇವತ್ತು ಆ ಗಾಡಿಯ ವಿಷಯವನ್ನೇ ಮಾತಾಡ್ತೀನಿ. ಮುಂದೆ ಅಪ್ಪನ ಬಗ್ಗೆ ಒಂದು ಮಾತು ಬರುತ್ತದೆ. ಅದನ್ನು ಅವರ ಅಪ್ಪಣೆ ಪಡೆದೇ ಹೇಳ್ತಿದ್ದೀನಿ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ತಪ್ಪು ಹೇಳಿದರೆ ಅಲ್ಲಿಂದಲೇ ತಿದ್ದುತ್ತಾರೆ.

ಅದು ಟಾಟಾ ಎಸ್ಟೇಟ್. ಈಗಿನ ಹುಡುಗರಿಗೆ ಹೆಸರೇ ಗೊತ್ತಿಲ್ಲ. 1992ರಲ್ಲಿ ಬಂದ ಗಾಡಿ. ಟಾಟಾಮೊಬೈಲ್ ಪಿಕಪ್‌ನ ಚಾಸಿಸ್ ಮೇಲೆ ಉದ್ದನೆಯ ಕಾರಿನ ಮೈ ಕೂರಿಸಿ, 1,948 ಸಿಸಿ ಡೀಸೆಲ್ ಎಂಜಿನ್ ಹಾಕಿ ಮಾಡಿದ್ದು. ಆ ಕಾಲಕ್ಕೆ ಪವರ್ ವಿಂಡೋ ಇತ್ತು ಅಂದರೆ ಊರಿನವರು ಬಂದು ಸ್ವಿಚ್ ಒತ್ತಿ ನೋಡಿಕೊಂಡು ಹೋಗೋರು. ನಮ್ಮದು 1994ರ ಗಾಡಿ. 1997ರಲ್ಲಿ ಅಪ್ಪ ಸಕಲೇಶಪುರದ ಒಬ್ಬ ತೋಟದ ಮಾಲೀಕರಿಂದ ಕೊಂಡರು. ಅಪ್ಪನದು ಕೊಬ್ಬರಿ ವ್ಯಾಪಾರ. ಅರಸೀಕೆರೆಯಿಂದ ತಿಪಟೂರಿನ ಮಾರುಕಟ್ಟೆಗೆ ವಾರಕ್ಕೆ ಎರಡು ಸಲ ಓಡಾಟ. ಹಿಂದಿನ ಸೀಟು ಮಡಚಿದರೆ ಕೊಬ್ಬರಿ ಚೀಲ, ಬಿಚ್ಚಿದರೆ ಮನೆಮಂದಿ. ಭಾನುವಾರ ಮಾತ್ರ ಲೆಕ್ಕವೇ ಇರಲಿಲ್ಲ. ಡಿಕ್ಕಿಯಲ್ಲಿ ಚಾಪೆ ಹಾಸಿ ಆರು ಮಕ್ಕಳನ್ನು ಕೂರಿಸಿ ಮೂರು ಮನೆಯವರನ್ನು ಆರಾಧನೆಗೆ ಕರ್ಕೊಂಡು ಬರೋರು. ಇಲ್ಲಿ ಕೂತಿರೋರಲ್ಲಿ ನಾಲ್ಕು ಜನ ಆ ಚಾಪೆಯ ಮೇಲೆ ಕೂತು ಬಂದವರೇ. ಅಮ್ಮನನ್ನು ಕೊನೆಯ ಸಲ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅದರಲ್ಲೇ. ಅದಾದ ಮೇಲೆ ಅಪ್ಪ ಕೀಲಿಯನ್ನು ಮೊಳೆಗೆ ನೇತುಹಾಕಿದರು. ಗಾಡಿ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ನಿಂತಿತು.

ಸರಿಮಾಡಿಸೋಣ ಅಂದ ಕೂಡಲೇ ಮನೆಯಲ್ಲಿ ಮೂರು ಪಕ್ಷ ಆಯ್ತು. ಶಾರ್ಜಾದಲ್ಲಿರುವ ತಮ್ಮ ಅರ್ಧ ದುಡ್ಡು ಕಳಿಸ್ತೀನಿ ಅಂದ, ಆದರೆ ಒಂದು ಷರತ್ತು: "ಅಣ್ಣಾ, ಫೋಟೋದಲ್ಲಿ ಹೆಂಗಿದೆಯೋ ಹಂಗೇ ಇರ್ಬೇಕು. ಸೀಟಿನ ಬಟ್ಟೆ ಸಹ." ನನ್ನ ಮಗನಿಗೆ ಎಂಜಿನ್ ಕಿತ್ತು ಬ್ಯಾಟರಿ, ಮೋಟಾರು ಕೂರಿಸುವ ಆಸೆ. ನನಗೆ ಬೇಕಾಗಿದ್ದು ಮಕ್ಕಳನ್ನು ಧೈರ್ಯವಾಗಿ ಕೂರಿಸಬಹುದಾದ ಗಾಡಿ. ಮಗನ ಆಸೆಗೆ ಕಾನೂನೇ ಅಡ್ಡ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಾಯಿಸಬೇಡ ಅನ್ನುತ್ತದೆ. ಒಪ್ಪಿಗೆ ಪಡೆದ ಕಿಟ್‌ಗೆ ದಾರಿ ಇದೆ, ಆದರೆ ನಮ್ಮ ಜೇಬಿಗೆ ಅದು ಆಗಿಬರಲಿಲ್ಲ. ಇನ್ನು ತಮ್ಮನ ವಾದ. 2021ರಲ್ಲಿ ಬಂದ ನಿಯಮದ ಪ್ರಕಾರ 'ವಿಂಟೇಜ್' ಅನ್ನಿಸಿಕೊಳ್ಳಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿಸ್, ಮೈ, ಎಂಜಿನ್ ಎಲ್ಲ ಮೂಲ ರೂಪದಲ್ಲೇ ಉಳಿದಿರಬೇಕು. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ. ನಮ್ಮದಕ್ಕೆ 50 ಆಗೋದು 2044ಕ್ಕೆ. ಅಲ್ಲಿಯವರೆಗೆ ತಮ್ಮ ಕಾಯಲಿ ಅಂದೆ. ಅವನು ನಗಲಿಲ್ಲ.

ಅವನು ಕೇಳಿದ ಪ್ರಶ್ನೆ ಮಾತ್ರ ಸುಲಭದ್ದಲ್ಲ. "ಎಲ್ಲಾ ಬದಲಾಯಿಸಿದ ಮೇಲೆ ಅದು ಅಪ್ಪನ ಗಾಡಿ ಹೇಗಾಗುತ್ತೆ?" ಗ್ರೀಸಿನವರು ಇದನ್ನು ಬಹಳ ಹಿಂದೆಯೇ ಕೇಳಿದ್ದರು. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನ ಜನ ಉಳಿಸಿಕೊಂಡಿದ್ದರಂತೆ. ಹಲಗೆ ಕೊಳೆತ ಹಾಗೆಲ್ಲಾ ಹೊಸ ಹಲಗೆ ಹಾಕುತ್ತಾ ಬಂದರು. ಅದು ಅದೇ ಹಡಗೋ ಬೇರೆಯದೋ ಅಂತ ಜ್ಞಾನಿಗಳು ಜಗಳ ಆಡುತ್ತಿದ್ದರು ಅಂತ ಪ್ಲುಟಾರ್ಕ್ ಬರೆದಿದ್ದಾನೆ. 17ನೇ ಶತಮಾನದಲ್ಲಿ ಹಾಬ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ ಅದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದು ಹಾಕಿದ ಹಳೇ ಹಲಗೆಗಳನ್ನೆಲ್ಲಾ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ, ನಿಜವಾದದ್ದು ಯಾವುದು? ಶಿವಾಜಿನಗರದ ಗುಜರಿಯಲ್ಲಿ ನಿಂತಾಗ ನನಗೆ ಆ ಮಾತು ನೆನಪಾಯ್ತು. ಯಾರದೋ ಎಸ್ಟೇಟ್‌ನ ಬಾಗಿಲ ಹಿಡಿ, ಇನ್ಯಾರದೋ ಸಿಯೆರಾದ ಮೀಟರು, ಎಲ್ಲಾ ಚೀಲಕ್ಕೆ ತುಂಬಿಸಿಕೊಂಡು ಬಂದೆ. ಯಾರದೋ ಅಪ್ಪನ ಗಾಡಿ ನಮ್ಮಪ್ಪನ ಗಾಡಿಯೊಳಗೆ ಸೇರಿತು.

ನಾನು ಕೊಟ್ಟುಕೊಂಡ ಉತ್ತರ ಇಷ್ಟು. ಗಾಡಿ ಇರೋದು ಜನರನ್ನು ಕ್ಷೇಮವಾಗಿ ಒಯ್ಯೋದಕ್ಕೆ. ಆ ಕೆಲಸಕ್ಕೆ ಸಹಾಯ ಮಾಡುವ ಬದಲಾವಣೆ ಗಾಡಿಗೆ ದ್ರೋಹ ಅಲ್ಲ. ಡಿಕ್ಕಿಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸಿದ್ದು ಪ್ರೀತಿಯೇ, ಆದರೆ ಇವತ್ತು ಗೊತ್ತಿದ್ದೂ ಕೂರಿಸಿದರೆ ಅದು ಪ್ರೀತಿ ಅಲ್ಲ. 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ದು ನಿಮಗೆ ನೆನಪಿರಬಹುದು. ಹಾಗಾಗಿ ಹಿಂದಿನ ಸೀಟಿಗೂ ಭುಜದ ಮೇಲೆ ಬರುವ ಬೆಲ್ಟ್ ಹಾಕಿಸಿದೆ. ತೆಳು ತಗಡಿಗೆ ತೂತು ಕೊರೆದು ಬೋಲ್ಟ್ ಬಿಗಿದರೆ ಅದು ಬೆಲ್ಟ್ ಅಲ್ಲ, ನಾಟಕ. ಒಳಗೆ ದಪ್ಪ ಪ್ಲೇಟು ಬೆಸುಗೆ ಹಾಕಿ ಅದಕ್ಕೆ ಬಿಗಿಯಬೇಕು. ಹೊರಗೆ ಕಾಣದ ಆ ಪ್ಲೇಟಿಗೇ ಎರಡು ದಿನ ಹಿಡಿಯಿತು. ಹೆಡ್‌ಲೈಟಿಗೆ ರಿಲೇ ಹಾಕಿಸಿ ವೈರಿಂಗ್ ಪೂರ್ತಿ ಹೊಸದು ಮಾಡಿಸಿದೆ. ಒಣಗಿ ಬಿರುಕು ಬಿಟ್ಟಿದ್ದ ಡೀಸೆಲ್ ಪೈಪು, ಬ್ರೇಕ್ ಪೈಪು ಎಲ್ಲಾ ಹೋಯ್ತು. ಎಸಿಯದೇ ಒಂದು ಕಥೆ. ಆ ಕಾಲದ ಆರ್-12 ಗ್ಯಾಸು ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಂತುಹೋಯಿತು. ಆರ್-134ಎ ತುಂಬಿಸಬೇಕಾದರೆ ಗ್ಯಾಸು ಬದಲಾಯಿಸಿದರೆ ಸಾಲದು, ಹಳೇ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯೋದಿಲ್ಲ. ಎಣ್ಣೆ, ಸೀಲು, ಡ್ರೈಯರ್ ಎಲ್ಲಾ ಬದಲಾಗಬೇಕು. ಎಂಜಿನ್ ಮಾತ್ರ ಅದೇ. ಬೆಳಿಗ್ಗೆ ಹೀಟರ್ ಲೈಟ್ ಆರುವ ತನಕ ಕಾದು ಕೀಲಿ ತಿರುಗಿಸಿದರೆ ಅದೇ ಗಡಗಡ ಸದ್ದು. ಅದನ್ನು ಬದಲಾಯಿಸೋ ಮನಸ್ಸು ನನಗೂ ಬರಲಿಲ್ಲ. ಅದಕ್ಕೆ ಕಾರಣ ಕೇಳಬೇಡಿ, ನನ್ನ ತರ್ಕ ಅಲ್ಲಿಗೆ ನಿಲ್ಲುತ್ತದೆ.

ಈಗ ಪುಟ್ಟಿಯ ವಿಷಯಕ್ಕೆ ಬರ್ತೀನಿ. ಟಿಂಕರಿಂಗ್ ಶುರುವಾಗುವ ಮುಂಚೆ ಮೇಸ್ತ್ರಿ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಗಾಡಿಯ ಮೈಮೇಲೆಲ್ಲಾ ಆಡಿಸಿದರು. ತಗಡಿರುವ ಕಡೆ ಟಕ್ ಅಂತ ಹಿಡಿಯುತ್ತಿತ್ತು. ಎಡಗಡೆ ಮುಂದಿನ ಫೆಂಡರ್ ಮೇಲೆ ಇಟ್ಟರೆ ಜಾರಿ ಕೆಳಗೆ ಬಿತ್ತು. "ಸರ್, ಇಲ್ಲಿ ಗಾಡಿ ಇಲ್ಲ, ಬರೀ ಪುಟ್ಟಿ ಇದೆ" ಅಂದರು. ವಾಟರ್ ಪೇಪರ್ ಹಾಕಿ ಉಜ್ಜಿದರೆ ಬೆರಳಿನಷ್ಟು ದಪ್ಪ ಪುಟ್ಟಿ. ಅದರ ಕೆಳಗೆ ಸುತ್ತಿಗೆಯ ಏಟು ತಿಂದ ತಗಡು. ಪುಟ್ಟಿ ನೀರು ಕುಡಿದು ಕುಡಿದು ತಗಡು ಒಳಗಿನಿಂದ ಜರಡಿ ಆಗಿತ್ತು. ಹೊರಗೆ ಮಾತ್ರ ಹೊಳೆಯುವ ನೀಲಿ. "ಆಕ್ಸಿಡೆಂಟ್ ಆಗಿರೋ ಗಾಡಿ ಸರ್ ಇದು."

ಆಗಿರಲಿಲ್ಲವಲ್ಲ ಅಂತ ನಾನು ಖಂಡಿತವಾಗಿ ಹೇಳಿದೆ. ನಮ್ಮಪ್ಪ ಮೂವತ್ತು ವರ್ಷ ಗಾಡಿ ಓಡಿಸಿ ಒಂದು ಕೋಳಿಗೂ ತಾಗಿಸಿದವರಲ್ಲ ಅಂತ ಈ ಸಭೆಯಲ್ಲೇ ಸಾಕ್ಷಿ ಹೇಳಿದ್ದವನು ನಾನು. ಹಿಂದಿನ ಮಾಲೀಕರು ಮಾಡಿದ್ದಿರಬೇಕು ಅಂದುಕೊಂಡು ಸಂಜೆ ಊಟದ ಹೊತ್ತಿಗೆ ಸುಮ್ಮನೆ ಮಾತಿಗೆ ಅಂತ ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ಕೆಳಗಿಟ್ಟರು.

1999, ಮಳೆಗಾಲ. ತಿಪಟೂರಿನಿಂದ ರಾತ್ರಿ ವಾಪಸು ಬರುವಾಗ ತೆಂಗಿನ ತೋಟಗಳ ನಡುವಿನ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು. ಹಿಂದೆ ಎರಡು ಹಾಲಿನ ಕ್ಯಾನು, ಲೈಟ್ ಇಲ್ಲ. ಎಡಗಡೆ ಫೆಂಡರ್ ತಾಗಿ ಬಿದ್ದ. ಅಪ್ಪ ಗಾಡಿ ನಿಲ್ಲಿಸಿದರು, ಎಬ್ಬಿಸಿದರು. ಅವನು ಭುಜ ಹಿಡಿದುಕೊಂಡು, "ಏನಿಲ್ಲ, ನೀವು ಹೋಗಿ ಸ್ವಾಮಿ" ಅಂದನಂತೆ. ಗಾಡಿಯಲ್ಲಿ ಮಾರುಕಟ್ಟೆಯ ದುಡ್ಡಿತ್ತು. ಜನ ಸೇರಿದರೆ ಏನಾಗುತ್ತೋ ಅನ್ನೋ ಭಯ. ಇನ್ನೂರು ರೂಪಾಯಿ ಅವನ ಜೇಬಿಗೆ ತುರುಕಿ ಬಂದುಬಿಟ್ಟರು. ಹೆಸರು ಕೇಳಲಿಲ್ಲ. ಮರುದಿನ ನಸುಕಿನಲ್ಲೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು, ಅಮ್ಮನಿಗೆ "ಕಲ್ಲು ಉರುಳಿ ತಗ್ಗಾಯ್ತು" ಅಂದರು. ಅಪ್ಪ ರಾತ್ರಿ ಗಾಡಿ ಓಡಿಸೋದು ಬಿಟ್ಟಿದ್ದು ಕಣ್ಣಿನ ತೊಂದರೆಯಿಂದ ಅಂತ ನಾವೆಲ್ಲಾ ತಿಳಿದಿದ್ದೆವು.

ಪ್ರಿಯರೇ, ನನಗೆ ಮೊದಲು ಬಂದದ್ದು ಕೋಪ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಅಂತ ಕಾಯ್ದೆಯ 134ನೇ ಕಲಮಿನಲ್ಲಿದೆ ಅಂತ ಅಪ್ಪನಿಗೇ ಪಾಠ ಹೇಳಿದೆ. ಎಂಬತ್ತೊಂದು ವರ್ಷದ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡರು. ಎರಡನೆಯದು, ಇದನ್ನು ಹೇಳೋದಕ್ಕೆ ನನಗೇ ನಾಚಿಕೆ. ಮಾರನೇ ದಿನ ಮೇಸ್ತ್ರಿ "ಈ ಮಾಡೆಲ್ ಫೆಂಡರ್ ಎಲ್ಲೂ ಸಿಗ್ತಿಲ್ಲ. ಕೆಟ್ಟಿದ್ದು ಕತ್ತರಿಸಿ ಹೊಸ ತಗಡು ಬಡಿದು ಕೂರಿಸಬೇಕು, ಮೂರ್ನಾಲ್ಕು ದಿನ ಆಗುತ್ತೆ. ಇಲ್ಲಾಂದ್ರೆ ಮೇಲೆ ಪುಟ್ಟಿ ಎಳೆದು ಕೊಡ್ತೀನಿ, ಎರಡು ವರ್ಷ ಗೊತ್ತೇ ಆಗಲ್ಲ" ಅಂದಾಗ ನಾನು "ಪುಟ್ಟಿ ಎಳೀರಿ" ಅಂದೆ. ತಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದ. ಗಾಡಿಯ ವಿಷಯ ಮಾತಾಡುತ್ತಿದ್ದ ಹಾಗೇ ಇತ್ತು, ಆದರೆ ನಾವಿಬ್ಬರೂ ಮುಚ್ಚಲು ಹೊರಟಿದ್ದು ಬೇರೆಯದು. ಒಂದೂ ಬದಲಾಗಬಾರದು ಅಂತ ಹಟ ಹಿಡಿದ ತಮ್ಮ, ಎಲ್ಲಾ ಬದಲಾಗಲಿ ಅಂದ ನಾನು, ಅದೊಂದು ಜಾಗದಲ್ಲಿ ಒಂದೇ ಮಾತಿಗೆ ಬಂದುಬಿಟ್ಟೆವು ನೋಡಿ!

ತಡೆದದ್ದು ಅಪ್ಪ. ಆಟೋ ಹಿಡಿದು ಗ್ಯಾರೇಜಿಗೆ ಬಂದು, ಕೋಲಿನಿಂದ ಆ ಜಾಗ ತೋರಿಸಿ, "ಕತ್ತರಿಸಪ್ಪ. ಪೂರ್ತಿ ಕತ್ತರಿಸು" ಅಂದರು. ಕತ್ತರಿಸಿದ ತುಂಡನ್ನು ಗುಜರಿಗೆ ಹಾಕಲು ಬಿಡಲಿಲ್ಲ. ಅದು ಈಗ ನಮ್ಮ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿದೆ. ಆ ಹಾಬ್ಸ್ ಕೇಳಿದನಲ್ಲ, ನಿಜವಾದ ಹಡಗು ಯಾವುದು ಅಂತ? ಅಪ್ಪನನ್ನು ಕೇಳಿದರೆ ಆ ತುಕ್ಕು ತಗಡಿನ ಕಡೆಗೇ ಕೈ ತೋರಿಸುತ್ತಾರೋ ಏನೋ.

ಬಣ್ಣ ಒಣಗಿ ಗಾಡಿ ಹೊರಗೆ ಬಂದ ದಿನ ಮಕ್ಕಳೆಲ್ಲಾ ಕೇಕೆ ಹಾಕಿದರು, ಅಪ್ಪ ಅತ್ತರು. ಎಜ್ರನ ಮೂರನೆಯ ಅಧ್ಯಾಯದಲ್ಲಿ ಹೀಗೇ ಒಂದು ದಿನ ಇದೆ. ದೇವಾಲಯಕ್ಕೆ ಹೊಸ ಅಸ್ತಿವಾರ ಬಿದ್ದಾಗ ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಆರ್ಭಟಿಸಿದರು, ಜನರಿಗೆ ಅಳು ಯಾವುದು ಹರ್ಷದ ಕೂಗು ಯಾವುದು ತಿಳಿಯಲಿಲ್ಲ. ಅಮ್ಮನ ನೆನಪಿನಿಂದ ಅಪ್ಪ ಅಳುತ್ತಿದ್ದಾರೆ ಅಂತ ನೆರೆಯವರು ಅಂದುಕೊಂಡರು. ಅದೂ ಇದ್ದೀತು. ಆದರೆ ಅವರು ನನ್ನ ಕೈ ಹಿಡಿದು ಕೇಳಿದ್ದು: "ಗಾಡಿಗೆ ಹೊಸ ತಗಡು ಹಾಕಿಸಿದೆ. ಅವನಿಗೆ ಏನು ಹಾಕಿಸ್ತೀಯ?" ಜಕ್ಕಾಯನ ಕಥೆಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೀನಿ, ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದವನು. ಅವನಿಗೆ ಯಾರಿಗೆ ಕೊಡಬೇಕು ಅಂತ ಗೊತ್ತಿತ್ತು. ಹೆಸರೇ ಗೊತ್ತಿಲ್ಲದವನಿಗೆ ಹೇಗೆ ಕೊಡೋದು? ದೇವರ ಹತ್ತಿರ ಕ್ಷಮೆ ಕೇಳಿದ್ದೀನಲ್ಲ ಸಾಕು ಅಂತ ಇಪ್ಪತ್ತು ವರ್ಷ ಅಂದುಕೊಂಡಿದ್ದೆ, ಅದೂ ಒಂಥರಾ ಪುಟ್ಟಿನೇ ಆಗಿತ್ತು ಅಂದರು ಅಪ್ಪ. ನಾನು ಪುಸ್ತಕದಲ್ಲಿ ಕಲಿತ ಮಾತಲ್ಲ ಅದು.

ಹೋದ ಶನಿವಾರ ಇಬ್ಬರೂ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ, ಬೆಲ್ಟ್ ಬಿಗಿ ಅಂತ ಗೊಣಗಿಕೊಂಡು. ಆ ತಿರುವು ಈಗ ಅಗಲವಾಗಿದೆ, ಅಪ್ಪನಿಗೆ ಜಾಗ ಗುರುತು ಹತ್ತಲು ಎರಡು ಸಲ ಹಿಂದೆ ಮುಂದೆ ಓಡಾಡಿದೆವು. ಒಂದು ಟೀ ಅಂಗಡಿ ಇತ್ತು. ಅಲ್ಲಿ ಕೂತಿದ್ದ ವಯಸ್ಸಾದ ಒಬ್ಬರನ್ನು ಕೇಳಿದೆವು. ಆ ಕಾಲದಲ್ಲಿ ಸೈಕಲ್ಲಿನಲ್ಲಿ ಹಾಲು ಹಾಕೋರು ಮೂರು ಜನ ಇದ್ದರಂತೆ. ಇಬ್ಬರು ತೀರಿಕೊಂಡರು, ಒಬ್ಬರು ಮಗನ ಜೊತೆ ಬೆಂಗಳೂರಿಗೆ ಹೋದರು.

ಅಪ್ಪ ಲೋಟ ಕೆಳಗಿಟ್ಟು ಕೇಳಿದರು: "ಅವರಲ್ಲಿ ಯಾರಿಗಾದರೂ ಭುಜ ನೋವು ಅಂತ ಇತ್ತಾ ಯಜಮಾನ್ರೇ?"

ಆ ಹಿರಿಯರು ನಕ್ಕರು. "ಹಾಲಿನ ಕ್ಯಾನು ಹೊತ್ತೋರಿಗೆಲ್ಲಾ ಭುಜ ನೋವೇ ಸ್ವಾಮಿ."

ಬೆಂಗಳೂರಿಗೆ ಹೋದವರ ಮಗನ ಫೋನ್ ನಂಬರು ಊರೊಳಗೆ ಒಬ್ಬರ ಹತ್ತಿರ ಇದೆಯಂತೆ. ಈ ಶನಿವಾರ ಮತ್ತೆ ಹೋಗ್ತಿದ್ದೇವೆ.